ಚಪ್ಪರದ ಲಾರಿ

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ರಂಜನಾ ಮನೆಗೆ ಬಂದಾಗ, ಹಿತ್ತಲಿನ ತಗಡಿನ ಮಾಡಿನ ಕೆಳಗೆ ನಿಂತಿದ್ದ ಅಪ್ಪನ ಲಾರಿಯ ಅಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದವು.

ಗುಜರಿಯವನು ಬಂದಿದ್ದಾನೆ ಎಂದುಕೊಂಡಳು. ಮೊನ್ನೆ ಅಮ್ಮ ಫೋನಿನಲ್ಲಿ ಯಾರಿಗೋ "ಬಂದು ತಗೊಂಡು ಹೋಗು ಮಾರಾಯ, ಹಿತ್ತಲಾದ್ರೂ ಖಾಲಿಯಾಗ್ಲಿ" ಎಂದದ್ದು ಕಿವಿಗೆ ಬಿದ್ದಿತ್ತು. ಅಪ್ಪ ತೀರಿಕೊಂಡು ನಾಲ್ಕು ವರ್ಷ. ಅಲ್ಲಿಂದ ಆ ಲಾರಿ ನಿಂತಲ್ಲೇ ನಿಂತಿತ್ತು. ಅದನ್ನು ಒಡೆದು ತಗಡು ಮಾಡುತ್ತಾರೆ ಎಂದರೆ ಮಗಳಿಗೆ ಸಂಕಟವಾಗಬೇಕು. ರಂಜನಾ ಅಲ್ಲೇ ನಿಂತು ಸ್ವಲ್ಪ ಹೊತ್ತು ಕಾದಳು, ಸಂಕಟ ಬರುತ್ತದೇನೋ ಎಂದು. ಬರಲಿಲ್ಲ.

"ನೋಡಿ, ತೂಕಕ್ಕೆ ಹಾಕೋದಾದ್ರೆ ಇಡೀ ಲಾರಿ ಎಳ್ಕೊಂಡು ಹೋಗಿ," ಎಂದು ಆ ಕಾಲುಗಳಿಗೇ ಹೇಳಿದಳು. "ಇಲ್ಲೇ ಬಿಚ್ಚಿ ಹರಡಬೇಡಿ. ನಮ್ಮಮ್ಮನ ಕಣ್ಣೆದುರಿಗೆ ಬೇಡ."

ಕಾಲುಗಳು ಅಲುಗುವುದನ್ನು ನಿಲ್ಲಿಸಿದವು.

"ಟೀಚರ್ ಆದ್ಮೇಲೆ ಗಂಟಲು ಜೋರಾಗಿದೆ," ಎಂದಿತು ಲಾರಿಯ ಹೊಟ್ಟೆ. "ಮೊದಲು ಇಷ್ಟಿರಲಿಲ್ಲ."

ಬೇರೆ ಹುಡುಗಿಯಾಗಿದ್ದರೆ ಇಲ್ಲಿ ಎದೆ ಧಸಕ್ಕೆನ್ನುತ್ತಿತ್ತು, ಹೆಗಲಿನ ಬ್ಯಾಗು ಜಾರಿ ನೆಲಕ್ಕೆ ಬೀಳುತ್ತಿತ್ತು. ರಂಜನಾಳ ಬ್ಯಾಗು ಹೆಗಲಲ್ಲೇ ಇತ್ತು. ದನಿ ಯಾರದೆಂದು ಮೊದಲ ಮಾತಿಗೇ ಗೊತ್ತಾಯಿತು. ಗೊತ್ತಾದದ್ದು ತಲೆಯಲ್ಲೇ ನಿಂತಿತು, ಕೆಳಗೆ ಇಳಿಯಲಿಲ್ಲ.

ಹರಿಹರ ಬೆನ್ನ ಮೇಲೆ ಜಾರಿಕೊಂಡು ಹೊರಗೆ ಬಂದ. ಚೌಕಳಿ ಲುಂಗಿ, ಎಣ್ಣೆ ಮೆತ್ತಿದ ಬನಿಯನ್, ಹಣೆಯ ಮೇಲೆ ಕಪ್ಪು ಗೆರೆ. ನಗು ಅವನಿಗೆ ಮೊದಲು ಎಡಗಣ್ಣಿಗೆ ಬರುತ್ತದೆ, ಆಮೇಲೆ ಬಾಯಿಗೆ. ಆ ಅಭ್ಯಾಸ ಹೋಗಿರಲಿಲ್ಲ. ಮುಂಗೈಯಲ್ಲಿ ಸುಟ್ಟ ಗಾಯದ ಹೊಸದೊಂದು ಕಲೆ ಇತ್ತು. ಕಿವಿಯ ಪಕ್ಕ ಒಂದೆರಡು ಬಿಳಿ ಕೂದಲು. ಇಷ್ಟೆಲ್ಲ ಅವಳ ಕಣ್ಣಿಗೆ ಬಿತ್ತು. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಮುಟ್ಟಿ ನೋಡಿಕೊಂಡ ಹಾಗೆ, ಮುಟ್ಟಿದ್ದು ಗೊತ್ತು, ಮತ್ತೇನೂ ಗೊತ್ತಿಲ್ಲ.

"ಗುಜರಿಯವನು ಅಂದ್ಕೊಂಡೆ," ಎಂದಳು.

"ಅಷ್ಟು ಹಳಬ ಆಗಿದೀನಾ?"

ಅವಳು ನಗಲಿಲ್ಲ. ಅವನು ಕೈ ಒರೆಸಿಕೊಳ್ಳುತ್ತ ಅವಳ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಆಮೇಲೆ ಲಾರಿಯ ಕಡೆ ತಿರುಗಿದ.

ರಂಜನಾಳ ಅಪ್ಪನನ್ನು ನರಸಿಂಹರಾಜಪುರದಲ್ಲಿ ಎಲ್ಲರೂ ಚಪ್ಪರದ ಗಣಪತಿ ಎನ್ನುತ್ತಿದ್ದರು. ತೋಟವಿರುವ ಮನೆತನದವನು ಶಾಮಿಯಾನ, ಕುರ್ಚಿ, ಕೊಪ್ಪರಿಗೆ ಬಾಡಿಗೆಗೆ ಕೊಡುವುದೆಂದರೇನು ಎಂದು ನೆಂಟರು ಮೂಗು ಮುರಿದರೂ ಗಣಪತಿ ಕೇಳಿರಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿನ ಯಾವ ಮೂಲೆಯಲ್ಲಿ ಮದುವೆಯಾದರೂ ಮದುವೆಮನೆಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದದ್ದು ಅವನ ಲಾರಿ. ಎಲ್ಲರೂ ಹೋದ ಮೇಲೆ ಬರುತ್ತಿದ್ದದ್ದೂ ಅದೇ.

ಅದನ್ನು ಓಡಿಸುತ್ತಿದ್ದವನು ಹರಿಹರ. ಬೇಗಾರಿನ ಅಡುಗೆ ಭಟ್ಟರ ಮಗ. ಅಪ್ಪ ಒಲೆಯ ಮುಂದೆ, ಮಗ ಸ್ಟೇರಿಂಗಿನ ಮುಂದೆ. ಭಟ್ಟರಿಗೆ ಕೈಲಾಗದೆ ಹೋದಾಗ ಮಗನೂ ಒಲೆಯ ಮುಂದೆಯೇ ಬಂದು ಕೂತ. ಈಗ ಅವನದೇ ಅಡುಗೆಯವರ ತಂಡ. ಪಾತ್ರೆ ಹೊರಲು ಒಂದು ಗಾಡಿ ಬೇಕಿತ್ತು; ಅಮ್ಮ ಫೋನಿನಲ್ಲಿ ಕರೆದದ್ದು ಇವನನ್ನೇ.

ರಜೆಯಲ್ಲಿ ರಂಜನಾಳೂ ಲಾರಿಯಲ್ಲಿ ಹೋಗುತ್ತಿದ್ದಳು, ಸೌಟು ಬಟ್ಟಲು ಕಳೆಯದಂತೆ ನೋಡಿಕೊಳ್ಳುವ ನೆಪದಲ್ಲಿ. ಕೊಪ್ಪದ ಕಡೆಯ ಒಂದು ಮದುವೆ ಮುಗಿಸಿ ಬರುವಾಗ, ಅಪ್ಪ ಹಿಂದೆ ಶಾಮಿಯಾನದ ಗಂಟಿನ ಮೇಲೆ ಗೊರಕೆ ಹೊಡೆಯುತ್ತಿದ್ದಾಗ, ಹರಿಹರ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ್ದ:

"ಬೇಗಾರಿಗೆ ಬರ್ತೀಯಾ?"

"ಎಂತಕ್ಕೆ?"

"ಇರೋಕೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಶೆಟ್ಟಿಕೊಪ್ಪ ದಾಟುವವರೆಗೂ ನಕ್ಕಿದ್ದಳು. "ನಾಳೆ ಹೇಳ್ತೀನಿ" ಎಂದಿದ್ದಳು. ಉತ್ತರ ಗೊತ್ತಿತ್ತು. ಅದನ್ನು ಒಂದು ದಿನ ತನ್ನ ಹತ್ತಿರವೇ ಇಟ್ಟುಕೊಳ್ಳುವ ಆಸೆ, ಅವನನ್ನು ಸ್ವಲ್ಪ ಕಾಡುವ ಆಸೆ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಗಣಪತಿಯ ಹೃದಯ ನಿಂತಿತು. ಅವಳು ಅಳಲಿಲ್ಲ. ಅಳಬೇಕಾದ ಹೊತ್ತಿಗೆಲ್ಲ ಏನಾದರೊಂದು ಕೆಲಸವಿತ್ತು. ಆಮೇಲೆ ಕೆಲಸ ಮುಗಿಯಿತು, ಅಳು ಬರುವ ದಾರಿಯೇ ಮರೆತುಹೋಗಿತ್ತು. ಎಲ್ಲರ ಮಾತೂ ಪಕ್ಕದ ಮನೆಯಲ್ಲಿ ಹಾಕಿದ ಟೀವಿಯ ಹಾಗೆ ಕೇಳುತ್ತಿತ್ತು. ಅವಳು ಶಾಲೆಗೆ ಸೇರಿದಳು, ಪಾಠ ಮಾಡಿದಳು, ಸಂಬಳ ತಂದಳು. ಹರಿಹರನ ಪ್ರಶ್ನೆ ಎಲ್ಲೋ ಹಾಗೇ ಉಳಿಯಿತು.

"ಮಾಣಿ, ಆಸರಿಗೆ ಕುಡಿ ಮೊದಲು," ಎನ್ನುತ್ತ ಸುಬ್ಬಲಕ್ಷ್ಮಿ ಚೊಂಬಿನಲ್ಲಿ ಮಜ್ಜಿಗೆ ತಂದರು. ಮಗಳನ್ನು ನೋಡಿ, "ಓ, ಕೂಸು ಬಂತಾ. ಹರಿ ಬರ್ತಾನೆ ಅಂತ ನಿಂಗೆ ಹೇಳಿದ್ನಲ್ಲ," ಎಂದರು.

"ಹೇಳಿಲ್ಲ ಅಮ್ಮ."

"ಹೌದನಾ? ಮರ್ತಿದ್ದೆ," ಎಂದರು ಸುಬ್ಬಲಕ್ಷ್ಮಿ, ಮರೆತವರ ಮುಖ ಅದಾಗಿರಲಿಲ್ಲ. "ಹೊತ್ತು ಮುಳುಗೋದ್ರೊಳಗೆ ಅವ ಊರು ಸೇರ್ಬೇಕಂತೆ. ನಾಳೆ ಜಯಪುರಕ್ಕೆ ಹೋಗೋದಿದೆ. ಹೆಣ್ಣಿನ ಮನೆ. ಅವನಮ್ಮ ಲಲಿತಮ್ಮ ಮಾತು ಕೊಟ್ಟು ಬರ್ತಾರಂತೆ." ಇಷ್ಟನ್ನು ಮಗಳ ಕಿವಿಗೆ ಹಾಕಿ, ಖಾಲಿ ಚೊಂಬು ಹಿಡಿದು ಒಳಗೆ ನಡೆದೇ ಬಿಟ್ಟರು.

ಹಿತ್ತಲಲ್ಲಿ ಇಬ್ಬರೇ ಉಳಿದರು. ಲಾರಿಯೊಂದಿಗೆ ಮೂವರು ಎನ್ನಬಹುದು.

ಬೆಳಿಗ್ಗೆಯೇ ಬಂದಿದ್ದ ಅವನು ಕೊಪ್ಪದಿಂದ ಹೊಸ ಬ್ಯಾಟರಿ ತಂದು ಕೂರಿಸಿದ್ದ. ಸ್ಟಾರ್ಟರ್ ತಿರುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಹಾಗಾದರೆ ತೊಂದರೆ ಡೀಸೆಲಿನದು. ಟ್ಯಾಂಕಿನ ಅಡಿಯ ಬೋಲ್ಟು ಬಿಚ್ಚಿ ಹಳೆಯದನ್ನೆಲ್ಲ ಬಕೆಟ್ಟುಗಳಿಗೆ ಇಳಿಸಿದ್ದ. ಈಗ ಅದರಲ್ಲಿ ಬೆರಳು ಅದ್ದಿ, ತುಪ್ಪ ನೋಡುವ ಹಾಗೆ ಉಜ್ಜಿ ಮೂಸಿದ.

"ಕೆಟ್ಟಿದೆ," ಎಂದ. "ನಾಲ್ಕು ಸಲ ಕರಿದ ಎಣ್ಣೆ ಹಂಗಾಗಿದೆ. ಅಡೀಲಿ ನೋಡು."

ಅವಳು ಬಗ್ಗಿ ನೋಡಿದಳು. ಬಕೆಟ್ಟಿನ ತಳದಲ್ಲಿ ನೀರು ಬೇರೆಯಾಗಿ ನಿಂತಿತ್ತು, ಅದರ ಮೇಲೆ ಕಪ್ಪು ಲೋಳೆ.

"ನೀರು ಹೆಂಗೆ ಬಂತು?" ಎಂದಳು. "ಮಾಡು ಸೋರುತ್ತೆ, ಆದ್ರೆ ಟ್ಯಾಂಕ್ ಮುಚ್ಚಿತ್ತಲ್ಲ."

"ಹೊರಗಿಂದ ಬರ್ಬೇಕು ಅಂತಿಲ್ಲ. ಅರ್ಧ ಖಾಲಿ ಟ್ಯಾಂಕು ಒಳಗೇ ಬೆವರುತ್ತೆ. ಅದಕ್ಕೇ ನಿಲ್ಸೋ ಮೊದಲು ತುಂಬಿಸಿ ನಿಲ್ಸ್ಬೇಕು." ಅವನು ಬಕೆಟ್ಟನ್ನು ಪಕ್ಕಕ್ಕೆ ಸರಿಸಿದ. "ಇದನ್ನ ಚೆಲ್ಬೇಡ. ಬೇಲಿ ಗೂಟಕ್ಕೆ ಬಳಿ, ಗೆದ್ದಲು ಬರಲ್ಲ."

ಹೊಸ ಡೀಸೆಲ್ ಒಂದಿಷ್ಟು ಹಾಕಿ ಟ್ಯಾಂಕನ್ನು ಕುಲುಕಿ ತೊಳೆದ. ಎರಡು ಫಿಲ್ಟರುಗಳನ್ನೂ ಬದಲಾಯಿಸಿದ. ಹಳೆಯ ಫಿಲ್ಟರು ಕಾಫಿ ಗಸಿಯ ಉಂಡೆಯಂತಿತ್ತು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪನ್ನು ಬೆರಳಲ್ಲಿ ಬಗ್ಗಿಸಿದಾಗ ಸಣ್ಣಗೆ ಸೀಳು ಬಿಟ್ಟಿದ್ದು ಕಂಡಿತು. ಇಲ್ಲಿಂದ ಡೀಸೆಲ್ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಗಾಳಿ ಹೋದರೆ ಎಂಜಿನ್ ಹಿಡಿಯುವುದಿಲ್ಲ ಎಂದ. ಹೊಸ ಪೈಪು ಹಾಕಿ ಬಿಗಿದ.

ರಂಜನಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಪ್ಯಾನರು ಕೊಡುತ್ತ ನಿಂತಿದ್ದಳು. ಒಳಗೆ ಹೋಗಬಹುದಿತ್ತು. ಹೋಗಲೂ ಅನ್ನಿಸಲಿಲ್ಲ, ನಿಲ್ಲಲೂ ಅನ್ನಿಸಲಿಲ್ಲ, ಹಾಗಾಗಿ ನಿಂತಿದ್ದಳು. ಜಯಪುರ ಎಂಬ ಮಾತು ತಲೆಯಲ್ಲಿತ್ತು. ನಾಳೆ ಮಾತು ಕೊಟ್ಟರೆ ಅಲ್ಲಿಗೆ ಮುಗಿಯಿತು. ಈ ಮನುಷ್ಯ ಈ ಲಾರಿ ಹತ್ತಿ ಹೋದರೆ ಮತ್ತೆ ಈ ಹಿತ್ತಲಿಗೆ ಬರುವ ಕಾರಣವೇ ಇರುವುದಿಲ್ಲ. ಅದು ಅವಳಿಗೆ ಲೆಕ್ಕದ ಹಾಗೆ ಸ್ಪಷ್ಟವಾಗಿ ಗೊತ್ತಿತ್ತು. ಎದೆ ಮಾತ್ರ ತನಗೆ ಸಂಬಂಧವಿಲ್ಲದ ಹಾಗೆ ಬಿದ್ದುಕೊಂಡಿತ್ತು.

"ಬಾ ಇಲ್ಲಿ," ಎಂದ ಹರಿಹರ. "ಇದನ್ನ ಒತ್ತು. ಗಾಳಿ ತೆಗೀಬೇಕು."

ಪಂಪಿನ ಮೇಲೊಂದು ಸಣ್ಣ ಗುಂಡಿ. ಅದನ್ನು ಮೇಲೆ ಎಳೆದು ಕೆಳಗೆ ಒತ್ತಬೇಕು. ಅವನು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಬಗ್ಗಿ ನೋಡುತ್ತಿದ್ದ. ಅವಳು ಒತ್ತಿದಂತೆ ಸ್ಕ್ರೂ ಬುಡದಲ್ಲಿ ನೊರೆ ನೊರೆಯಾಗಿ ಡೀಸೆಲ್ ಬಂತು. ಬಾನೆಟ್ಟಿನ ಕೆಳಗೆ ಇಬ್ಬರ ತಲೆಗಳೂ ಹತ್ತಿರ ಹತ್ತಿರ. ಅವನ ಮೈಯಿಂದ ಡೀಸೆಲಿನ ಜೊತೆಗೆ ಇಂಗಿನ ವಾಸನೆ ಬರುತ್ತಿತ್ತು.

"ಇಂಗು," ಎಂದಳು.

"ನಿನ್ನೆ ಗೃಹಪ್ರವೇಶ ಇತ್ತು. ಎಷ್ಟು ಸೋಪು ಹಾಕಿದ್ರೂ ಹೋಗಲ್ಲ." ಅವನು ತಲೆ ಎತ್ತಲಿಲ್ಲ. "ನಿಲ್ಲಿಸ್ಬೇಡ, ಒತ್ತು. ಗುಳ್ಳೆ ಪೂರ್ತಿ ನಿಲ್ಲೋವರೆಗೂ ಒತ್ಬೇಕು."

ಒತ್ತಿದಳು. ಅವನು ಗುಳ್ಳೆಯನ್ನು ನೋಡುತ್ತಿದ್ದ. ನಡುವೆ ಒಂದು ಸಲ ಕಣ್ಣು ಗುಳ್ಳೆ ಬಿಟ್ಟು ಅವಳ ಕೈಗೆ ಬಂತು, ಕೈಯಿಂದ ಮುಖಕ್ಕೆ ಬಂತು, ಅವಳು ನೋಡುತ್ತಿದ್ದಾಳೆಂದು ಗೊತ್ತಾಗಿ ಮತ್ತೆ ಗುಳ್ಳೆಗೇ ಓಡಿತು.

"ಲಾರಿ ಒಯ್ಯೋಕೆ ನಾಳೆ ನಾಡಿದ್ದು ಬರ್ಬಹುದಿತ್ತಲ್ಲ," ಎಂದಳು.

"ನಾಳೆ ಜಯಪುರ."

"ಗೊತ್ತು. ಅಮ್ಮ ಹೇಳಿದ್ಲು."

"ಅದಕ್ಕಿಂತ ಮೊದಲು ಇದೊಂದು ಮುಗಿಸ್ಬೇಕಿತ್ತು."

"ಲಾರಿಯಾ?"

"ಲಾರಿನೂ," ಎಂದ ಹರಿಹರ.

ಅವಳ ಕೈ ನಿಂತಿತು. ಅವನು ಸ್ಕ್ರೂ ಬಿಗಿದ. "ಒಂದು ಮಾತು ಕೇಳಿದ್ದೆ ರಂಜನಾ. ಅದಕ್ಕೆ ಉತ್ತರ ಬಂದಿಲ್ಲ. ಬೇಡ ಅಂದ್ರೂ ಆಗುತ್ತೆ. ಅದನ್ನ ಹಂಗೇ ಇಟ್ಕೊಂಡು ಇನ್ನೊಂದು ಹುಡುಗಿ ಎದುರಿಗೆ ಹೋಗಿ ಕೂರೋದು ಸರಿಯಲ್ಲ ಅನ್ನಿಸ್ತು. ಅಷ್ಟೇ."

ರಂಜನಾ ಬಾಯಿ ತೆರೆದಳು. ಬೇಡ ಎನ್ನಲು ನೋಡಿದಳು, ಅದು ಸುಳ್ಳಾಗುತ್ತಿತ್ತು. ಬೇಕು ಎನ್ನಲು ನೋಡಿದಳು, ಅದೂ ಪಾಠ ಒಪ್ಪಿಸಿದ ಹಾಗಾಗುತ್ತಿತ್ತು.

"ಸ್ಟಾರ್ಟ್ ಮಾಡು ನೋಡುವಾ," ಎಂದಳು.

ಅವನು ಮೇಲೆ ಹತ್ತಿದ. ಸ್ಟಾರ್ಟರ್ ಒದ್ದಾಡಿತು. ಮತ್ತೊಮ್ಮೆ. ಇಳಿದು ಬಂದು ಎಂಜಿನ್ನಿನ ಮೇಲಿನ ಪೈಪುಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿದ, ಉಳಿದ ಗಾಳಿಯೂ ಹೋಗಲೆಂದು. ಮತ್ತೆ ಹತ್ತಿದ. ಈ ಸಲ ಲಾರಿ ಕೆಮ್ಮಿತು, ಹಿತ್ತಲು ತುಂಬ ಬಿಳಿ ಹೊಗೆ ಉಗುಳಿತು, ಮಾಡಿನ ತಗಡುಗಳನ್ನೆಲ್ಲ ನಡುಗಿಸುತ್ತ ಓಡತೊಡಗಿತು.

ಸುಬ್ಬಲಕ್ಷ್ಮಿ ಒಳಗಿಂದ ಓಡಿಬಂದರು. ಕಂಬ ಹಿಡಿದುಕೊಂಡು ನಿಂತರು. "ನಿಮ್ಮಪ್ಪ ಬಂದಂಗೇ ಆತು ಕೂಸೆ," ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅದೇ ಸದ್ದು. ದಿನಾ ಸಂಜೆ ಗೇಟಿನ ಹೊರಗೆ ಕೇಳುತ್ತಿದ್ದ ಸದ್ದು. ಇದಕ್ಕಾದರೂ ತನ್ನ ಕಣ್ಣು ತುಂಬುತ್ತದೆ ಎಂದು ರಂಜನಾ ನಂಬಿದ್ದಳು. ಅಮ್ಮನ ಕಣ್ಣನ್ನು ನೋಡಿ ಹೊಟ್ಟೆಕಿಚ್ಚಾದಂತಾಯಿತು, ಅದೂ ಸರಿಯಾಗಿ ಆಗಲಿಲ್ಲ.

ಅರ್ಧ ಗಂಟೆ ಲಾರಿ ನಿಂತಲ್ಲೇ ಚೆನ್ನಾಗಿ ಓಡಿತು. ಹರಿಹರ ಕ್ಯಾನಿನಲ್ಲಿದ್ದ ಡೀಸೆಲನ್ನೆಲ್ಲ ಟ್ಯಾಂಕಿಗೆ ಸುರಿದು, ಅಲ್ಲಿಯವರೆಗೂ ಕಲ್ಲಿನ ಮೇಲಿಟ್ಟಿದ್ದ ಮುಚ್ಚಳವನ್ನು ತಂದು ಬಿಗಿದ.

"ಶೆಟ್ಟಿಕೊಪ್ಪದವರೆಗೆ ಹೋಗಿ ಬರುವಾ," ಎಂದ. "ದಾರೀಲಿ ಕೈ ಕೊಟ್ರೆ ಪಂಪ್ ಒತ್ತೋಕೆ ಒಬ್ರು ಬೇಕು. ಬರ್ತೀಯಾ? ಇಲ್ಲಾಂದ್ರೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ."

"ನನ್ನ ಕೈಲಿ ಆಗದ ಕೆಲಸ ಅದು," ಎಂದರು ಸುಬ್ಬಲಕ್ಷ್ಮಿ ತಟ್ಟನೆ. "ಹೋಗು ಕೂಸೆ."

ಊರು ದಾಟಿ ಸ್ವಲ್ಪ ದೂರದವರೆಗೆ ಎಲ್ಲ ಸರಿಯಿತ್ತು. ಸಂಜೆಯ ಬಿಸಿಲು ಅವನ ಮುಖದ ಒಂದೇ ಪಕ್ಕಕ್ಕೆ ಬೀಳುತ್ತಿತ್ತು. ಗೇರು ಹಾಕುವಾಗ ಅವನ ಕೈ ಅವಳ ಮಂಡಿಗೆ ತಾಗದಂತೆ ಎಚ್ಚರದಿಂದ ಸುತ್ತಿ ಬರುತ್ತಿತ್ತು. ಆ ಎಚ್ಚರವನ್ನು ಅವಳು ನೋಡಿದಳು. ಮುಟ್ಟಿದರೆ ಏನಾಗುತ್ತಿತ್ತು ಎಂದು ಯೋಚಿಸಿದಳು, ಅಷ್ಟೇ.

ಒಂದು ತಿರುವಿನಲ್ಲಿ ಎಂಜಿನ್ ಸೊರಗಿತು. ಎರಡು ಸಲ ಬಿಕ್ಕಿ ನಿಂತುಹೋಯಿತು.

ಹರಿಹರ ಇಳಿದ. ಪೈಪು ನೋಡಿದ, ನಟ್ಟು ನೋಡಿದ. ಅವಳು ಪಂಪ್ ಒತ್ತಿದಳು. ಗುಂಡಿ ಗಟ್ಟಿಯಾಗಿತ್ತು, ಮೇಲೆ ಬರಲು ಹಠ ಮಾಡುತ್ತಿತ್ತು. ಡೀಸೆಲ್ ಬರಲಿಲ್ಲ. ಟ್ಯಾಂಕಿನಲ್ಲೇ ಏನಾದರೂ ಸಿಕ್ಕಿಕೊಂಡಿರಬೇಕು ಎಂದು ಅವನು ಒಂದು ಕಡ್ಡಿ ಹುಡುಕಿ ತಂದು, ಮುಚ್ಚಳ ತೆಗೆದು ಒಳಗೆ ಆಡಿಸಿದ. ಏನೂ ಇರಲಿಲ್ಲ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದರೆ ಲಾರಿ ಒಂದೇ ಏಟಿಗೆ ಹಿಡಿಯಿತು.

"ಆಟ ಆಡ್ಸ್ತಿದೆ," ಎಂದ.

ಇನ್ನೊಂದು ಹತ್ತು ನಿಮಿಷ ಹೋಗಿರಬಹುದು. ಮತ್ತೆ ಅದೇ ಬಿಕ್ಕು, ಮತ್ತೆ ನಿಂತಿತು. ಹರಿಹರ ಸ್ಟೇರಿಂಗಿನ ಮೇಲೆ ಹಣೆ ಇಟ್ಟ. "ಹೊಸ ಫಿಲ್ಟರು, ಹೊಸ ಪೈಪು, ಹೊಸ ಡೀಸೆಲು. ಇನ್ನು ಎಂತ ಬೇಕಂತೆ ಇದಕ್ಕೆ? ಹಿತ್ತಲಲ್ಲಿ ಅಷ್ಟು ಚಂದ ಓಡ್ತಲ್ಲ."

"ಹಿತ್ತಲಲ್ಲಿ ಮುಚ್ಚಳ ಹಾಕಿರ್ಲಿಲ್ಲ," ಎಂದಳು ರಂಜನಾ.

ಅವನು ತಲೆ ಎತ್ತಿದ.

"ಆಗಲೂ ಅಷ್ಟೇ, ನೀನು ಮುಚ್ಚಳ ತೆಗ್ದು ಕಡ್ಡಿ ಆಡಿಸಿದ ಮೇಲೆ ಸ್ಟಾರ್ಟ್ ಆಯ್ತು. ತೆಗೀವಾಗ ಉಸ್ಸ್ ಅಂತು. ನಾನು ಕೇಳಿಸ್ಕೊಂಡೆ."

ಇಬ್ಬರೂ ಇಳಿದರು. ಅವನು ಮುಚ್ಚಳ ತಿರುಗಿಸಿದಾಗ ಮತ್ತೆ ಉಸ್ಸೆಂದಿತು. ಈ ಸಲ ಇಬ್ಬರೂ ಕೇಳಿದರು. ಅವನು ಮುಚ್ಚಳವನ್ನು ಬೆಳಕಿಗೆ ಹಿಡಿದ.

"ಇಲ್ಲೊಂದು ತೂತು ಇರ್ಬೇಕು," ಎಂದ. "ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬರುತ್ತಾ? ಗಾಳಿಗೆ ಇನ್ನೊಂದು ಹೊಡೀತೀವಲ್ಲ. ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಗೆ ಹೋಗ್ಬೇಕು. ಇಲ್ಲಿ ಯಾರೋ ಮುಚ್ಚಿದ್ದಾರೆ. ಧೂಳು ಕೂತು ಗೊತ್ತೇ ಆಗಿಲ್ಲ ನಂಗೆ." ಉಗುರಲ್ಲಿ ಕೆರೆದ. "ಎಂತದಿದು? ಹಲಸಿನ ಮೇಣ!"

ರಂಜನಾ ಮುಚ್ಚಳವನ್ನು ಅವನ ಕೈಯಿಂದ ತೆಗೆದುಕೊಂಡಳು. ಕಪ್ಪಾಗಿ ಕಲ್ಲಾಗಿದ್ದ ಮೇಣದ ಮೇಲೆ ಹೆಬ್ಬೆರಳಿನ ಗುರುತಿತ್ತು. ಅವಳು ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟಳು. ಅದು ಸರಿಯಾಗಿ ಕೂತಿತು.

ಅಪ್ಪ ಹೋದ ಮೊದಲ ಮಳೆಗಾಲ. ತಗಡಿನ ತೂತಿನಿಂದ ನೀರು ನೇರ ಟ್ಯಾಂಕಿನ ಮುಚ್ಚಳದ ಮೇಲೆ ತೊಟ್ಟಿಕ್ಕುತ್ತಿತ್ತು. ಡೀಸೆಲಿಗೆ ನೀರು ಸೇರಬಾರದು, ಅಪ್ಪ ಅದೊಂದಕ್ಕೆ ಎಷ್ಟು ಕೂಗಾಡುತ್ತಿದ್ದರು. ಮುಚ್ಚಳದಲ್ಲೊಂದು ತೂತು ಕಂಡಿತು. ಈ ಕಡೆಯ ಮನೆಗಳಲ್ಲಿ ಕೊಡ ಸೋರಿದರೂ ಬಕೆಟ್ಟು ಸೋರಿದರೂ ಹಚ್ಚುವುದು ಹಲಸಿನ ಮೇಣವನ್ನೇ. ಒಲೆಯ ಮುಂದೆ ಬಿಸಿ ಮಾಡಿ, ಓಡಿಹೋಗಿ, ನೆನೆಯುತ್ತ ನಿಂತು ಒತ್ತಿ ಹಿಡಿದಿದ್ದಳು. ಗಟ್ಟಿಯಾಗುವವರೆಗೂ ಒತ್ತಿ ಹಿಡಿದಿದ್ದಳು. ಆಮೇಲೆ ಒಳಗೆ ಹೋಗಿ ತಲೆ ಒರೆಸಿಕೊಂಡು ಮರೆತುಬಿಟ್ಟಿದ್ದಳು.

"ನಾನೇ," ಎಂದಳು. "ನೀರು ಹೋಗ್ಬಾರ್ದು ಅಂತ."

ಹರಿಹರನ ಎಡಗಣ್ಣಿಗೆ ನಗು ಬಂತು. ಅವನು ತಡೆಯಲು ನೋಡಿದ. ಆಗಲಿಲ್ಲ.

"ನಗಬೇಡ," ಎಂದಳು.

"ನಗ್ತಿಲ್ಲ ಮಾರಾಯ್ತಿ."

"ನಗ್ತಿದ್ದೀಯ!" ದನಿ ಎಷ್ಟು ಜೋರಾಗಿ ಬಂತೆಂದರೆ ಅವಳೇ ಬೆಚ್ಚಿದಳು. "ನಾನೊಬ್ಳೇ ನಿಂತು ಅದನ್ನ ಹಚ್ಚುವಾಗ ನೀನು ಎಲ್ಲಿದ್ದೆ? ಹದಿಮೂರನೇ ದಿನ ಬಂದೆ. ಕೊಪ್ಪರಿಗೆ ತುಂಬ ಪಾಯಸ ಮಾಡ್ದೆ. ಎಲ್ಲರಿಗೂ ಬಡಿಸ್ದೆ. ನನ್ನೆಲೆ ಎದುರಿಗೂ ಬಂದು ನಿಂತು 'ಇನ್ನು ಸ್ವಲ್ಪ ಹಾಕ್ಲಾ' ಅಂದೆ. ನೀನು ಕೇಳಿದ್ದು ಅಷ್ಟೇ! ಪಾಯಸ ಬೇಕಾ ಅಂತ!"

ಅವನ ನಗು ಆರಿತು.

"ಅಪ್ಪ ಹೋದ ಮನೇಲಿ ಮದುವೆ ಮಾತು ಹೆಂಗೆ ಎತ್ತೋದು? ವರ್ಷಾಂತ ಕಳೀಲಿ ಅಂತ ಕಾದೆ. ಆಮೇಲೆ ಕೊಪ್ಪದ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದೆಯಲ್ಲ. ಎದ್ದು ನಿನ್ನ ಹತ್ರ ಬಂದೆ. ನೀನು ಯಾರೋ ಪರಿಚಯದವರನ್ನ ಕಂಡ ಹಂಗೆ ತಲೆ ಆಡಿಸಿ ಬಸ್ ಹತ್ತಿದೆ. ಅದೇ ಉತ್ತರ ಅಂದ್ಕೊಂಡೆ."

"ಅದು ಉತ್ತರ ಅಲ್ಲ. ಆಗ ಯಾರನ್ನ ಕಂಡ್ರೂ ನಂಗೆ ಹಂಗೇ. ಅಮ್ಮನ್ನ ಕಂಡ್ರೂ ಹಂಗೇ. ಬೇಕು ಅನ್ನೋಕೂ ಬೇಡ ಅನ್ನೋಕೂ ಒಳಗೆ ಏನಾದ್ರೂ ಅನ್ನಿಸ್ಬೇಕಲ್ಲ ಹರಿ. ಏನೂ ಅನ್ನಿಸ್ತಿರ್ಲಿಲ್ಲ."

ಅವಳು ಅವನನ್ನು ಹರಿ ಎಂದು ಕರೆದು ನಾಲ್ಕು ವರ್ಷವಾಗಿತ್ತು. ಇಬ್ಬರಿಗೂ ಅದು ಕೇಳಿಸಿತು.

"ಈಗ ಎಂತ ಅನ್ನಿಸ್ತಿದೆ?" ಎಂದ ಮೆಲ್ಲಗೆ.

"ಸಿಟ್ಟು."

"ಯಾರ ಮೇಲೆ?"

"ನಿನ್ನ ಮೇಲೆ. ಅಪ್ಪನ ಮೇಲೆ. ಆ ಜಯಪುರದವಳ ಮೇಲೆ. ಅವಳ ಹೆಸರೇನು?"

"ಸಂಪದಾ."

"ಚೆನ್ನಾಗಿದೆ ಹೆಸರು," ಎಂದಳು ಹಲ್ಲು ಕಚ್ಚಿ.

ಕೆನ್ನೆ ಬಿಸಿಯಾಗಿತ್ತು. 'ಅಯ್ಯೋ, ನಂಗೆ ಕೋಪ ಬಂದಿದೆ' ಎಂದು ಅವಳು ಒಳಗೊಳಗೇ ಬೆರಗಾದಳು. ಮರಗಟ್ಟಿದ ಕಾಲಿಗೆ ರಕ್ತ ಹರಿಯುವಾಗ ಜುಮ್ಮೆಂದು ನೋಯುವ ಹಾಗೆ ನೋಯುತ್ತಿತ್ತು. ಹಿತವಾಗೇನೂ ಇರಲಿಲ್ಲ.

"ಪಿನ್ನು ಇದ್ರೆ ಕೊಡು," ಎಂದ ಹರಿಹರ, ಮುಚ್ಚಳವನ್ನು ಅವಳ ಕೈಯಿಂದ ತೆಗೆದುಕೊಂಡು. "ತೂತು ಬಿಡಿಸ್ಬೇಕು."

ಅವಳು ಹೆಗಲಿಗೆ ಕೈ ಹಾಕಿ ಸೆರಗಿನ ಪಿನ್ನು ಬಿಚ್ಚಿದಳು. ಅವನು ಥಟ್ಟನೆ ರಸ್ತೆಯ ಆಚೆಗಿನ ಮರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅವಳು ಸೆರಗು ಹಿಡಿದುಕೊಂಡು ಪಿನ್ನು ಚಾಚಿದಳು. ಅವನು ಮರಗಳ ಕಡೆಗೇ ನೋಡುತ್ತ ಕೈ ಚಾಚಿ, ಗಾಳಿಯಲ್ಲಿ ತಡವರಿಸಿ, ಕೊನೆಗೆ ಅವಳ ಬೆರಳನ್ನೇ ಹಿಡಿದ. ಬಿಡಲು ಸ್ವಲ್ಪ ತಡವಾಯಿತು. ಅವಳೂ ಎಳೆದುಕೊಳ್ಳಲಿಲ್ಲ.

ಮೇಣ ಪುಡಿಪುಡಿಯಾಗಿ ಉದುರಿತು. ಲಾರಿ ಶೆಟ್ಟಿಕೊಪ್ಪ ಮುಟ್ಟಿ, ತಿರುಗಿ, ಒಂದು ಸಲವೂ ಬಿಕ್ಕದೆ ನರಸಿಂಹರಾಜಪುರದ ಕಡೆ ಓಡಿತು.

"ನಾನು ಮತ್ತೆ ಕೇಳಲ್ಲ ರಂಜನಾ," ಎಂದ ದಾರಿಯಲ್ಲಿ. "ಒತ್ತಾಯ ಆದ ಹಂಗಾಗುತ್ತೆ. ಕೇಳಿದ್ದು ಹಂಗೇ ಇದೆ, ಅಷ್ಟೇ. ಇವತ್ತು ಹೊತ್ತು ಮುಳುಗೋವರೆಗೆ ಇದೆ. ನಾಳೆ ಅಮ್ಮ ಮಾತು ಕೊಟ್ಟ ಮೇಲೆ ಇರಲ್ಲ."

ಅವಳ ಸಿಟ್ಟು ಇಳಿಯುತ್ತಿತ್ತು. ಅದು ಇಳಿದ ಜಾಗಕ್ಕೆ ಮತ್ತೆ ಆ ತಣ್ಣನೆಯದು ಬಂದು ಕೂರುತ್ತದೆ ಎಂದುಕೊಂಡಳು. ಬಂದದ್ದು ಭಯ. ಸುಮ್ಮನೆ, ಸರಳವಾದ ಭಯ: ಇವನು ಹೋಗಿಬಿಡುತ್ತಾನೆ. ಊರಿನ ಮೊದಲ ಮನೆಗಳು ಕಾಣಿಸಿದಂತೆ ಅದು ಹೆಚ್ಚಿತು. ಪೇಟೆಯ ಬೀದಿ ಇಷ್ಟು ಚಿಕ್ಕದೆಂದು ಅವಳಿಗೆ ಗೊತ್ತಿರಲಿಲ್ಲ.

ಮನೆಯ ಗೇಟಿನ ಮುಂದೆ ಲಾರಿ ನಿಂತಿತು. ಎಂಜಿನ್ ಆಫ್ ಮಾಡಲಿಲ್ಲ. ಸುಬ್ಬಲಕ್ಷ್ಮಿ ಜಗಲಿಯಲ್ಲೇ ಕಾದು ಕೂತಿದ್ದರು, ಎದ್ದು ಬಂದರು.

"ಸರಿಯಾತನಾ ಮಾಣಿ?"

"ಆಯ್ತು ಅಮ್ಮ. ನಾನು ಹೀಗೇ ಹೊರಡ್ತೀನಿ." ಹರಿಹರ ರಂಜನಾಳ ಕಡೆ ನೋಡದೆ ಹೇಳಿದ, "ಇಳಿ. ಹೊತ್ತಾಯ್ತು."

ಅವಳ ಕೈ ಬಾಗಿಲಿನ ಹಿಡಿಯ ಮೇಲಿತ್ತು. ಅದನ್ನು ತಿರುಗಿಸಿದರೆ ಸಾಕು. ನಾಲ್ಕು ವರ್ಷದಿಂದ ಮಾಡಿಕೊಂಡು ಬಂದದ್ದು ಅದನ್ನೇ, ಇಳಿಯುವುದು, ಒಳಗೆ ಹೋಗುವುದು, ತಲೆ ಒರೆಸಿಕೊಳ್ಳುವುದು. ಕೈ ತಿರುಗಲಿಲ್ಲ.

"ಅಮ್ಮಾ, ನಾನು ಬೇಗಾರಿಗೆ ಹೋಗಿ ಬರ್ತೀನಿ," ಎಂದಳು ಕಿಟಕಿಯಿಂದ.

"ಎಂತಕ್ಕೆ?"

"ಲಲಿತಮ್ಮನ ಹತ್ರ ಮಾತಾಡ್ಬೇಕು. ನಾಳೆ ಜಯಪುರಕ್ಕೆ ಹೋಗ್ಬೇಡಿ, ಮಗನ್ನ ನಂಗೆ ಕೊಡಿ ಅಂತ ಕೇಳ್ಬೇಕು."

ಸ್ಟೇರಿಂಗಿನ ಮೇಲಿದ್ದ ಹರಿಹರನ ಕೈಗಳು ಹಾಗೇ ನಿಂತವು. ಸುಬ್ಬಲಕ್ಷ್ಮಿ ಮಗಳ ಮುಖವನ್ನು ಬಹಳ ದಿನದ ಮೇಲೆ ನೋಡುತ್ತಿರುವವರಂತೆ ನೋಡಿದರು.

"ಹಂಗಾರೆ ನಾನೂ ಬತ್ತೆ," ಎಂದರು. "ಹೆಣ್ಣಿನ ಕಡೆಯವರು ಅಂತ ಒಬ್ರಾದ್ರೂ ಬೇಡ್ದಾ? ಇರಿ, ಸೀರೆ ಬದಲಾಯಿಸಿ ಬೀಗ ಹಾಕಿ ಬತ್ತೆ." ಆ ವಯಸ್ಸಿಗೆ ಓಡಬಾರದಷ್ಟು ಜೋರಾಗಿ ಓಡಿದರು.

ಲಾರಿ ಗುಡುಗುಡು ಎನ್ನುತ್ತಿತ್ತು. ಹರಿಹರ ಮುಂದಿನ ಗಾಜಿನಿಂದ ಹೊರಗೆ ನೋಡುತ್ತಿದ್ದ.

"ಹರಿ."

"ಹ್ಞೂಂ."

"ಅವತ್ತೂ ಹೌದು ಅಂತಲೇ ಇತ್ತು. ನಿನ್ನ ಸ್ವಲ್ಪ ಸತಾಯಿಸುವಾ ಅಂತ ಹೇಳಿರ್ಲಿಲ್ಲ, ಅಷ್ಟೇ. ಅಷ್ಟೊತ್ತಿಗೆ ಅಪ್ಪ..."

ಮಾತು ಅಲ್ಲಿಗೆ ಮುರಿಯಿತು. ಅಪ್ಪ ಎಂಬ ಮಾತಿನ ಮೇಲೆಯೇ ಮುರಿಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು, ಸಾಲಲಿಲ್ಲ. ಮುಂದಕ್ಕೆ ಬಗ್ಗಿ, ಮಂಡಿಯ ಮೇಲೆ ಮುಖವಿಟ್ಟು, ಸಣ್ಣ ಮಕ್ಕಳ ಹಾಗೆ ದನಿ ಬಿಟ್ಟು ಅತ್ತಳು. ಚಪ್ಪರದ ಗಣಪತಿ ಸತ್ತ ನಾಲ್ಕು ವರ್ಷದ ಮೇಲೆ ಅವನ ಮಗಳು ಅವನಿಗಾಗಿ ಅತ್ತಳು. ಹರಿಹರ ಅವಳ ಬೆನ್ನ ಮೇಲೆ ಒಂದು ಕೈ ಇಟ್ಟ.

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಎದುರು ಮನೆಯವರು ಹೊರಗೆ ಬಂದು ನಿಂತಿದ್ದರು. ಅವಳ ಅಳು ಯಾರಿಗೂ ಕೇಳಬಾರದೆಂದು ಸುಬ್ಬಲಕ್ಷ್ಮಿ ಬೀಗ ಹಾಕಿ ಬರುವವರೆಗೂ ಹರಿಹರ ಆಕ್ಸಿಲರೇಟರನ್ನು ಒತ್ತಿ ಹಿಡಿದುಕೊಂಡು ಕೂತ.